ಡ್ಯಾಮಿನ ಲೆಕ್ಕ ಫೋಟೊದಲ್ಲೇ ಏಕೆ ಬೇಕು?

ಮಳೆಗಾಲ ಬಂತೆಂದರೆ ದಿನ ಬೆಳಗಾದರೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಟಿ.ಬಿ. ಡ್ಯಾಮಿನ ಲೆಕ್ಕ ಬರುತ್ತದೆ. ಮಟ್ಟ ಎಷ್ಟು ಅಡಿ, ಸಂಗ್ರಹ ಎಷ್ಟು ಟಿಎಂಸಿ, ಒಳಹರಿವು, ಹೊರಹರಿವು ಎಷ್ಟು ಕ್ಯೂಸೆಕ್. ಆದರೆ ಬರುವುದು ಫೋಟೊ. ಸುತ್ತ ಹೂವಿನ ಬಾರ್ಡರ್, ಮೇಲೆ ಯಾರದೋ ಮುಖ, ನಡುವೆ ಸಣ್ಣ ಅಂಕಿ. ಹತ್ತು ಕಡೆ ಫಾರ್ವರ್ಡ್ ಆಗುವಷ್ಟರಲ್ಲಿ 3 ಯಾವುದು, 8 ಯಾವುದು ತಿಳಿಯುವುದಿಲ್ಲ. ಎಷ್ಟೋ ಸಲ ತಾರೀಖೇ ಇರುವುದಿಲ್ಲ.

ಸಾಫ್ಟ್‌ವೇರ್ ಬರೆಯುವವರಲ್ಲಿ ಒಂದು ಹಳೇ ಪದ್ಧತಿ ಇದೆ. ಮಾಹಿತಿಯನ್ನು ಒಂದು ಕಡೆ ಇಡು, ತೋರಿಸುವ ಕೆಲಸವನ್ನು ಬೇರೆ ಮಾಡು. 1979ರಲ್ಲಿ ನಾರ್ವೆಯ ಟ್ರೂಗ್ವೆ ರೀನ್ಸ್‌ಕೌಗ್ ಇದನ್ನು ಕ್ರಮವಾಗಿ ಬರೆದಿಟ್ಟರು, ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದಾಗ. (ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಹೆಸರು ಕೊಟ್ಟ ಕಂಪನಿಯೇ ಅದು.)

ನಮಗೇಕೆ ಇದು? ಹೊರಹರಿವಿನ ಅಂಕಿ ಒಂದೇ, ನೋಡುವವರು ಬೇರೆ ಬೇರೆ. ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆಯೇ, ತೆಪ್ಪ ಬಿಡುತ್ತಾರೆಯೇ ಎಂದು ಕೇಳುತ್ತಾರೆ. ಕಂಪ್ಲಿಯಿಂದ ಗಂಗಾವತಿಗೆ ಹೋಗುವವರಿಗೆ ಸೇತುವೆ ತೆರೆದಿದೆಯೇ ಎಂಬ ಚಿಂತೆ. ಭತ್ತ ಹಾಕಿದವರಿಗೆ ಹೊರಹರಿವಿಗಿಂತ ಸಂಗ್ರಹ ಮುಖ್ಯ, ಎರಡನೇ ಬೆಳೆಗೆ ಕಾಲುವೆ ನೀರು ಬರುತ್ತದೋ ಇಲ್ಲವೋ. ಅಂಕಿ ಅಂಕಿಯಾಗಿಯೇ ಇದ್ದರೆ ಪ್ರತಿಯೊಬ್ಬರಿಗೂ ಬೇಕಾದ ಹಾಗೆ ತೋರಿಸಬಹುದು. ಫೋಟೊದೊಳಗೆ ಸಿಕ್ಕಿಹಾಕಿಕೊಂಡರೆ ಯಾರಿಗೂ ಇಲ್ಲ.

ಇನ್ನೊಂದು ಮಾತು. ಡ್ಯಾಮಿನಲ್ಲಿ ಅಳೆಯುವುದು ನೀರಿನ ಮಟ್ಟವನ್ನು. ಟಿಎಂಸಿ ಅದರಿಂದ ಲೆಕ್ಕ ಹಾಕಿ ತೆಗೆದದ್ದು. ಪೂರ್ಣ ಮಟ್ಟ ಅಂದೂ 1633 ಅಡಿ, ಇಂದೂ 1633 ಅಡಿ. ಆದರೆ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ 105.788ಕ್ಕೆ ಇಳಿದಿದೆ. ಅಳೆದದ್ದು ಯಾವುದು, ಲೆಕ್ಕ ಹಾಕಿದ್ದು ಯಾವುದು ಎಂದು ಬೇರೆ ಇಟ್ಟರೆ ಹೊಸ ಸರ್ವೆ ಬಂದಾಗ ಪಟ್ಟಿ ಬದಲಿಸಿದರೆ ಸಾಕು.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಫೋನುಗಳಿಗೆ ಬಂದ ಫೋಟೊಗಳಲ್ಲಿ ಹೊಸವೂ ಇದ್ದವು, ಹಳೆಯವೂ ಇದ್ದವು. ನದಿ ದಂಡೆಯ ಊರಿನವರು ಫೋನ್ ಮಾಡಿ ಯಾವುದು ಖರೆ ಎಂದು ಕೇಳಿದರೆ ನಮಗೂ ತಕ್ಷಣ ಹೇಳಲಾಗಲಿಲ್ಲ.

ಫೋಟೊ ನೋಡಲು ಚೆಂದ, ಬೇಗ ಕಣ್ಣಿಗೆ ಬೀಳುತ್ತದೆ, ಒಪ್ಪಿದೆವು. ಇರಲಿ ಬಿಡಿ. ಆದರೆ ಓದು ಬಾರದ ಅಜ್ಜಿಗೆ ಫೋನು ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು, ಮಸುಕಾದ ಫೋಟೊವನ್ನು ನಂಬಿ ಕೂರಲಾಗದು. ಗ್ರೂಪ್ ಅಡ್ಮಿನ್‌ಗಳೇ, ನಾಳೆಯಿಂದ ಫೋಟೊದ ಕೆಳಗೆ ಒಂದೇ ಸಾಲು ಟೈಪ್ ಮಾಡಿ: ತಾರೀಖು, ಸಮಯ, ಅಡಿ, ಟಿಎಂಸಿ, ಒಳಹರಿವು, ಹೊರಹರಿವು.