ಮಂಗಳನೌಕೆಯ ತೂಬು

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹೆಸರನ್ನು ಕೇಳಿದೊಡನೆ ಕೆರೆಯೂ ತೂಬೂ ನೆನಪಿಗೆ ಬರುತ್ತವೆ. ಬಹುಕಾಲ ಮುಚ್ಚಿದ್ದ ತೂಬು ಬೇಕಾದ ದಿನ ತೆರೆಯದಿದ್ದರೆ, ಕೆರೆ ತುಂಬಿದ್ದರೂ ಗದ್ದೆಗೆ ನೀರಿಲ್ಲ. ಆದುದರಿಂದ ಅನುಭವಿಯಾದ ರೈತನು ಮೊದಲೇ ತೂಬನ್ನು ಪರೀಕ್ಷಿಸಿಕೊಳ್ಳುತ್ತಾನೆ. ಗ್ರಹಾಂತರ ಯಾನದ ಯಶಸ್ಸೂ ಇಂತಹ ಎಚ್ಚರವನ್ನೇ ಅವಲಂಬಿಸಿದೆ.

2013ರ ನವೆಂಬರ್ 5ರಂದು ಭಾರತದ ಮಂಗಳನೌಕೆಯು ಶ್ರೀಹರಿಕೋಟೆಯಿಂದ ಗಗನಕ್ಕೇರಿತು. ಅದನ್ನು ಹೊತ್ತೊಯ್ದ ಪಿಎಸ್‌ಎಲ್‌ವಿ ರಾಕೆಟ್ಟಿನ ಕೆಲಸ ಭೂಮಿಯ ಸುತ್ತಲಿನ ಕಕ್ಷೆಯಲ್ಲಿಯೇ ಮುಗಿಯಿತು. ಮುಂದಿನ ಹೊಣೆಯನ್ನು ಹೊತ್ತದ್ದು ನೌಕೆಯೊಳಗಿದ್ದ 440 ನ್ಯೂಟನ್ ನೂಕುಬಲದ ಪುಟ್ಟ ಎಂಜಿನ್. ನೆಲದ ಮೇಲೆ ಸುಮಾರು 45 ಕಿಲೋಗ್ರಾಂ ತೂಕವನ್ನು ಎತ್ತಿಹಿಡಿಯುವಷ್ಟೇ ಬಲ ಅದರದು!

ಡಿಸೆಂಬರ್ 1ರಂದು ನೌಕೆಯನ್ನು ಮಂಗಳನತ್ತ ನೂಕಿದ ಈ ಎಂಜಿನ್ ಸುಮಾರು 300 ದಿನ ನಿದ್ರಿಸಿತು. ಗ್ರಹದ ಬಳಿ ಅದು ಮತ್ತೆ ಉರಿದು ವೇಗವನ್ನು ತಗ್ಗಿಸದಿದ್ದರೆ ನೌಕೆಯು ಮಂಗಳನನ್ನು ದಾಟಿ ಹೋಗಿಬಿಡುತ್ತಿತ್ತು. 1971ರಲ್ಲಿ ಅಮೆರಿಕದ ಮ್ಯಾರಿನರ್ 9 ಹೀಗೆಯೇ ವೇಗ ತಗ್ಗಿಸಿ ಮಂಗಳನ ಕಕ್ಷೆ ಸೇರಿತ್ತು. 1998ರಲ್ಲಿ ಹೊರಟ ಜಪಾನಿನ ನೊಜೊಮಿಯಾದರೋ, ಕವಾಟವೊಂದು ಪೂರ್ಣವಾಗಿ ತೆರೆಯದೆ ಇಂಧನವನ್ನು ವ್ಯಯಮಾಡಿಕೊಂಡು, ಕೊನೆಗೂ ಗುರಿ ಮುಟ್ಟಲಿಲ್ಲ.

ಇಂತಹ ಅಪಾಯವನ್ನು ಇಸ್ರೋ ವಿಜ್ಞಾನಿಗಳು ಮೊದಲೇ ಮನಗಂಡಿದ್ದರು. ಇಂಧನ ಹರಿಯಲು ಎರಡನೆಯ ಕೊಳವೆಮಾರ್ಗವನ್ನು ಅಳವಡಿಸಿದರು. ಎಂಜಿನ್ ಕೈಕೊಟ್ಟರೆ ಎಂಟು ಕಿರುನೂಕುಗಗಳನ್ನೇ ಬಳಸುವ ಉಪಾಯವನ್ನೂ ಸಿದ್ಧಪಡಿಸಿದರು. 2014ರ ಸೆಪ್ಟೆಂಬರ್ 22ರಂದು ಸುಮಾರು 4 ಸೆಕೆಂಡುಗಳ ಕಾಲ ಅದನ್ನು ಉರಿಸಿ ನೋಡಿದರು. ಎಂಜಿನ್ ಎಚ್ಚರಗೊಂಡಿತು. 24ರ ಮುಂಜಾನೆ ಅದು ಸುಮಾರು 23 ನಿಮಿಷ ಉರಿಯಿತು. ಸಂಕೇತವೊಂದು ಭೂಮಿಯನ್ನು ತಲುಪಲು ಸುಮಾರು 12 ನಿಮಿಷ ಬೇಕಾಗಿದ್ದುದರಿಂದ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿದ್ದವರು ಆ ಕ್ಷಣದಲ್ಲಿ ಏನನ್ನೂ ತಿದ್ದುವಂತಿರಲಿಲ್ಲ. ಮೊದಲೇ ಮಾಡಿದ ಸಿದ್ಧತೆಯೊಂದೇ ಆಸರೆ. ನೌಕೆ ಕಕ್ಷೆ ಸೇರಿತು. ಆರು ತಿಂಗಳಿಗೆಂದು ಹೊರಟದ್ದು 2022ರವರೆಗೆ ಸಂಪರ್ಕದಲ್ಲಿತ್ತು.

ಈ ಯಾನವನ್ನು ಹೊಗಳುವವರು ಸಾಮಾನ್ಯವಾಗಿ ಅದರ 450 ಕೋಟಿ ರೂಪಾಯಿಗಳ ಅಲ್ಪ ವೆಚ್ಚವನ್ನು ಎತ್ತಿ ಹೇಳುತ್ತಾರೆ. ಮಿತವ್ಯಯ ಶ್ಲಾಘನೀಯವೇ ಸರಿ. ಆದರೆ ಗುರಿ ತಪ್ಪಿದ್ದರೆ ಆ ಉಳಿತಾಯದಿಂದ ಏನು ಪ್ರಯೋಜನವಿತ್ತು? ಪ್ರತಿ ಗ್ರಾಂ ತೂಕವನ್ನೂ ಎಣಿಸಬೇಕಾದ ನೌಕೆಯಲ್ಲಿ ಎರಡನೆಯ ದಾರಿಗೂ ಸ್ಥಳ ಕೊಟ್ಟ ವಿವೇಕವೇ ಹೆಚ್ಚಿನ ಗೌರವಕ್ಕೆ ಪಾತ್ರವಾದುದು. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದನ್ನು ಅರಿಯುವುದೇ ನಿಜವಾದ ಮಿತವ್ಯಯ. ಕೆರೆಯ ತೂಬಿಗೂ ಮಂಗಳನೌಕೆಯ ಕವಾಟಕ್ಕೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.