ಎಲೆಗೇಕೆ ಬೈಗುಳ?

ಕೊಡಗಿನ ಮದುವೆಮನೆಯಿರಲಿ, ಕ್ಲಬ್ಬಿರಲಿ, ಇಸ್ಪೀಟಿನಲ್ಲಿ ಸೋತವರದು ಒಂದೇ ರಾಗ: ‘ಚೆನ್ನಾಗೇ ಆಡಿದೆ, ಎಲೆ ಕೈಕೊಟ್ಟಿತು.’ ಪೋಕರ್ ಟೂರ್ನಿಯಿಂದ ಹೊರಬಿದ್ದವರಿಗಂತೂ ಇದು ಮಂತ್ರ.

ಲೆಕ್ಕ ನೋಡಿ. ನಿಮ್ಮಲ್ಲಿ ಜೋಡಿ ಎಕ್ಕ, ಎದುರಾಳಿಯಲ್ಲಿ ಜೋಡಿ ರಾಜ, ಚಿಪ್ಸ್ ಎಲ್ಲ ಪಣಕ್ಕೆ. ನೂರಕ್ಕೆ ಸುಮಾರು 82 ಸಲ ನೀವು ಗೆಲ್ಲುತ್ತೀರಿ. ಉಳಿದ 18 ಅನ್ಯಾಯವಲ್ಲ, ಒಪ್ಪಿಕೊಂಡೇ ಕೂತ ಕರಾರು. ಇಂಥ ಐದು ಪಣ ಬಂದರೆ ಐದನ್ನೂ ಗೆದ್ದು ಉಳಿಯುವವರು ನೂರಕ್ಕೆ 37 ಮಂದಿ. ಅದೇ 18ರ ದಯೆಯಿಂದ ಗೆದ್ದ ರಾತ್ರಿ ಯಾರೂ ಗೊಣಗುವುದಿಲ್ಲ.

ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿದಾಗ, ‘ಕೌಶಲದ ಆಟ ಜೂಜಲ್ಲ’ ಎಂಬ ವಾದ ಗೆದ್ದಿತ್ತು. 2025ರ ಕೇಂದ್ರ ಕಾನೂನು ಹಣದ ಆನ್‌ಲೈನ್ ಆಟಗಳಲ್ಲಿ ಆ ಭೇದವನ್ನೇ ಅಳಿಸಿತು. ಕೋರ್ಟಿನಲ್ಲಿ ಕೌಶಲ, ಸೋತಾಗ ಹಣೆಬರಹ ಎನ್ನುವವರು ಈಗ ಯಾವ ಬಾಯಲ್ಲಿ ದೂರುತ್ತಾರೆ?

ಹೂಮಳೆ ಬಾರದಿದ್ದರೆ ಕಾಫಿ ಬೆಳೆಗಾರ ಆಕಾಶವನ್ನು ಬೈದು ಕೂರುವುದಿಲ್ಲ. ಕೆರೆಯ ನೀರನ್ನು ಸ್ಪ್ರಿಂಕ್ಲರಿಗೆ ಹಾಯಿಸುತ್ತಾನೆ. ಆಟಗಾರನ ಕೆರೆಯೆಂದರೆ, ಸೋತರೂ ಮನೆ ಮುಳುಗದಷ್ಟೇ ಪಣ. ಅದಿಲ್ಲದೆ ಕೂತವನು ತನ್ನ ಲೆಕ್ಕವನ್ನು ಬೈದುಕೊಳ್ಳಲಿ, ಎಲೆಯನ್ನಲ್ಲ.