ಆರಿದ್ರಾ ಮಳೆಯೂ ಚಿಕ್ಕ ತರಗತಿಯೂ

ಆರಿದ್ರಾ ಮಳೆಯೆಂಬುದು ಮನೆಮನೆಯ ಮಾತು. ಅದು ನಕ್ಷತ್ರವೊಂದರ ಹೆಸರೆಂದು ಚಿಕ್ಕ ತರಗತಿಯ ಬಾಲಿಕೆಯರಿಗೆ ತೋರಿಸಿಕೊಡುವವರೆಷ್ಟು ಮಂದಿ? ಸೂರ್ಯನ ವಾರ್ಷಿಕ ಪಥವನ್ನು 27 ನಕ್ಷತ್ರಗಳಿಗೆ ಹಂಚಿರುವುದರಿಂದ ಒಂದೊಂದು ಮಳೆಗೆ 13 ಇಲ್ಲವೆ 14 ದಿನಗಳು. ಇದು ಭಾಗಾಕಾರದ ಲೆಕ್ಕವಲ್ಲವೇ? ಬಾಯಿಯೂ ತಳವೂ ಸಮನಾದ ಡಬ್ಬವನ್ನು ಅಂಗಳದಲ್ಲಿಟ್ಟು, ದಿನದಿನವೂ ನೀರನ್ನಳೆದು ಬರೆದಿಟ್ಟರೆ ಭೂಗೋಳವೂ ಆಯಿತು, ಬರವಣಿಗೆಯೂ ಆಯಿತು. ಜೂನ್ 22ರ ಸುಮಾರಿಗೆ ಈ ಮಳೆ ಹುಟ್ಟುವಾಗ ಆರಿದ್ರೆಯು ಸೂರ್ಯನ ದಿಕ್ಕಿನಲ್ಲಿದ್ದು ಕಾಣಿಸುವುದಿಲ್ಲ. ಜನವರಿಯ ರಾತ್ರಿಗಳಲ್ಲಿ ಕೆಂಪಗೆ ಬೆಳಗುವುದು. ಹಾಗೇಕೆಂದು ಮಗುವು ಕೇಳಿದಾಗ, ಗಣಿತದ ಗಂಟೆಯಲ್ಲಿ ಆಕಾಶದ ಮಾತೇಕೆಂದು ಬಾಯಿಮುಚ್ಚಿಸುವುದು ಅನ್ಯಾಯವೆಂದೇ ನಮ್ಮ ಮತವು.

ಮಳೆಯಳೆಯಲು ಹೋಗಿ ಹುಡುಗಿಯರು ಪಾವಡೆ ನೆನೆಸಿಕೊಂಡರೆಂದು ಕೆಲವು ತಾಯಂದಿರು ಆಕ್ಷೇಪಿಸುವುದುಂಟು. ಪಾವಡೆಯು ಮರುದಿನಕ್ಕೆ ಒಣಗೀತು. ಬರುವ ಜನವರಿಯಲ್ಲಿ ಒಂದು ರಾತ್ರಿ ಮಗಳನ್ನು ಅಂಗಳಕ್ಕೆ ಕರೆತಂದು ಆ ಕೆಂಪು ತಾರೆಯನ್ನು ತೋರಿಸಬೇಕೆಂದು ಅದೇ ತಾಯಂದಿರಲ್ಲಿ ಬಿನ್ನವಿಸಿಕೊಳ್ಳುತ್ತೇವೆ.